ಕಾರಿನ ನೀರು, ಅಕ್ಕನ ಪಾದ

ಅಕ್ಕನ ಎರಡೂ ಕಿಡ್ನಿಗಳು ಕೈಕೊಟ್ಟಿವೆ ಎಂದು ಸೊಲ್ಲಾಪುರದ ಡಾಕ್ಟರು ಹೇಳಿದ ವರ್ಷವೇ ನಾನು ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದೆ. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳಲ್ಲೇ ನನ್ನ ಆಯುಷ್ಯ ಕಳೆದಿತ್ತು. ನನ್ನವರು ತೀರಿಕೊಂಡು ಬಹಳ ವರ್ಷವಾಗಿದ್ದರಿಂದ ಅಕ್ಕಲಕೋಟೆಯ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಅಕ್ಕನನ್ನು ಕೊಟ್ಟದ್ದು ಹನ್ನೂರಿಗೆ. ವಾರಕ್ಕೆ ಎರಡು ಸಲ ಅವಳ ರಕ್ತವನ್ನು ಯಂತ್ರಕ್ಕೆ ಹಾಕಿ ಶುದ್ಧ ಮಾಡಿಸಬೇಕು, ಅದಕ್ಕೆ ಸೊಲ್ಲಾಪುರಕ್ಕೇ ಬರಬೇಕು ಎಂದರು. ಮಾವ, ಅಂದರೆ ಅಕ್ಕನ ಗಂಡ, ಹೊಲ ಮತ್ತು ದನ ಬಿಟ್ಟು ಒಂದು ದಿನವೂ ಹೊರಗೆ ಇದ್ದವರಲ್ಲ. ಮೋಟರ್‌ಸೈಕಲ್ ಬಿಟ್ಟರೆ ಬೇರೆ ಗಾಡಿ ಓಡಿಸಲು ಅವರಿಗೆ ಬಾರದು. ಇದ್ದೊಬ್ಬ ಮಗಳು ಅಫಜಲಪುರದ ಕಡೆ ತನ್ನ ಸಂಸಾರದಲ್ಲಿದ್ದಳು.

"ನನ್ನ ಗಾಡಿ ಐತಲ್ಲ, ನಾ ಕರಕೊಂಡು ಹೋಗ್ತೀನಿ," ಎಂದೆ.

ಗಾಡಿ ಎಂದರೆ ಹಳೆಯ ಸಣ್ಣ ಕಾರು. ಹಿಂದೆ ನನಗೆ ದೂರದ ಹಳ್ಳಿಗೆ ವರ್ಗವಾದಾಗ ಜೊತೆಯ ಶಿಕ್ಷಕರೊಬ್ಬರಿಂದ ಕೊಂಡದ್ದು. ಬಣ್ಣ ಮಾಸಿತ್ತು, ಹಿಂದಿನ ಒಂದು ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಆದರೆ ನಡುದಾರಿಯಲ್ಲಿ ನನ್ನನ್ನು ಅದು ಎಂದೂ ಬಿಟ್ಟಿರಲಿಲ್ಲ.

ಹೀಗೆ ನಮ್ಮ ತಿರುಗಾಟ ಶುರುವಾಯಿತು. ಹಿಂದಿನ ಸಂಜೆ ಮಾವ ಅಕ್ಕನನ್ನು ಬಸ್ಸಿನಲ್ಲಿ ಅಕ್ಕಲಕೋಟೆಗೆ ತಂದು ನನ್ನ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಬೆಳಿಗ್ಗೆ ನಾವಿಬ್ಬರೂ ವಳಸಂಗ, ಕುಂಭಾರಿ ದಾಟಿ ಸೊಲ್ಲಾಪುರದ ಆಸ್ಪತ್ರೆ ಸೇರುತ್ತಿದ್ದೆವು. ಅಕ್ಕ ನನ್ನ ಪಕ್ಕದ ಸೀಟಿನಲ್ಲಿ ಚಪ್ಪಲಿ ಕಳಚಿ ಕೂಡುವಳು. ಜೋಳದ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದ ಆ ಪಾದಗಳು ಈಗ ಬಾತು ಹೊಳೆಯುತ್ತಿದ್ದವು. ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇದ್ದುದರಿಂದ ಪಾದಗಳಲ್ಲಿ ಸ್ಪರ್ಶವೂ ಹೋಗಿತ್ತು. ಮುಳ್ಳು ಚುಚ್ಚಿದರೂ ರಕ್ತ ಕಂಡ ಮೇಲೆಯೇ ಗೊತ್ತಾಗುತ್ತಿತ್ತು ಅವಳಿಗೆ.

ಆದರೂ ಬಾಯಿಗೆ ಏನೂ ಆಗಿರಲಿಲ್ಲ. ಹನ್ನೂರಿನಲ್ಲಿ ಯಾರ ಎಮ್ಮೆ ಈಯಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲವನ್ನೂ ಹೇಳುತ್ತ ಬರುವಳು. ಎದುರು ಬರುವ ಕಬ್ಬಿನ ಟ್ರ್ಯಾಕ್ಟರಿನವನನ್ನು ಕಿಟಕಿಯಿಂದಲೇ ಬೈಯುವಳು. ಆಸ್ಪತ್ರೆಯ ದಾದಿಯರಿಗೆ ಮನೆಯ ಶೇಂಗಾ ಚಟ್ನಿಯ ಡಬ್ಬಿ ಒಯ್ಯುವಳು. ತಾನು ಮಾತ್ರ ಅದನ್ನು ತಿನ್ನುವಂತಿರಲಿಲ್ಲ. ಉಪ್ಪು ಬೇಡ ಎಂದಿದ್ದರು. ನೀರನ್ನೂ ಅಳೆದು ಕುಡಿಯಬೇಕು ಎಂದಿದ್ದರು. ಗುಳಿಗೆ ನುಂಗಲು ಒಂದು ಗುಟುಕು, ಊಟದ ಮೇಲೆ ಅರ್ಧ ಲೋಟ. ಜೀವಮಾನವಿಡೀ ಬಿಸಿಲಲ್ಲಿ ದುಡಿದು ತಂಬಿಗೆ ಎತ್ತಿ ಗಟಗಟ ಕುಡಿದ ಹೆಂಗಸಿಗೆ ಅದೇ ಎಲ್ಲಕ್ಕಿಂತ ದೊಡ್ಡ ಶಿಕ್ಷೆ.

ಶ್ರಾವಣದಲ್ಲಿ ಕಾರಿಗೆ ತೊಂದರೆ ಶುರುವಾಯಿತು. ಕುಂಭಾರಿ ಹತ್ತಿರ ಬರುವ ಹೊತ್ತಿಗೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಏರತೊಡಗಿತು. ಗಾಡಿಯನ್ನು ಬದಿಗೆ ನಿಲ್ಲಿಸಿ, ಆರಿದ ಮೇಲೆ ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರಿನ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರೇ ಇರಲಿಲ್ಲ. ಕುಡಿಯಲೆಂದು ಇಟ್ಟುಕೊಂಡಿದ್ದ ಬಾಟಲಿಗಳನ್ನೆಲ್ಲ ಅದಕ್ಕೆ ಸುರಿದೆ. ಅಕ್ಕ ಸೀಟಿನಲ್ಲಿ ಕೂತಲ್ಲಿಂದಲೇ ನೋಡುತ್ತಿದ್ದಳು.

"ಕುಡಸು, ಅದಕ್ಕರೆ ಹೊಟ್ಟಿತುಂಬ ಕುಡಸು," ಎಂದಳು. "ಅದಕ್ಕ ಡಾಕ್ಟರ್ ಬ್ಯಾಡ ಅಂದಿಲ್ಲಲ್ಲ."

ನಗಿಸಲೆಂದೇ ಹೇಳಿದ್ದಳು. ನನಗೆ ನಗು ಬರಲಿಲ್ಲ. ಬಾಟಲಿಯಿಂದ ಗುಳುಗುಳು ಇಳಿಯುತ್ತಿದ್ದ ನೀರಿನ ಮೇಲೆಯೇ ಅವಳ ಕಣ್ಣಿತ್ತು.

ಅಕ್ಕಲಕೋಟೆಯಲ್ಲಿ ನನ್ನ ಗಾಡಿ ನೋಡುವ ಮೇಸ್ತ್ರಿ ಒಬ್ಬರಿದ್ದರು. ನನ್ನದೇ ವಯಸ್ಸಿನವರು, ಮನೆಮಾತು ಕನ್ನಡ, ಗ್ಯಾರೇಜಿನ ಮಾತು ಮರಾಠಿ. ಶಾಲೆ ಕಲಿಸುವ ಹೆಂಗಸರನ್ನು ನಮ್ಮಲ್ಲಿ ಕರೆಯುವ ಹಾಗೆ ನನ್ನನ್ನು ಬಾಯಾರ ಎಂದೇ ಕರೆಯುತ್ತಿದ್ದರು. ಮೊದಲ ದಿನ ಅವರು ರೇಡಿಯೇಟರಿಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಹಿಸುಕಿ ನೋಡಿ, "ಇದು ಹರದೈತ್ರಿ ಬಾಯಾರ, ಬದಲಿ ಮಾಡೂಣು," ಎಂದರು. ಬದಲಿಸಿದರು. ಒಂದು ವಾರ ಸರಿಯಿತ್ತು. ಮತ್ತೆ ಮುಳ್ಳು ಏರಿತು.

ಎರಡನೆಯ ಸಲ ಅವರು ರೇಡಿಯೇಟರನ್ನೇ ಬಿಚ್ಚಿದರು. ಬಾಯಿ ಮುಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ತೂತು ಇದ್ದರೆ ಗುಳ್ಳೆ ಏಳಬೇಕು. ಇಬ್ಬರೂ ಬಗ್ಗಿ ನೋಡಿದೆವು. ಒಂದೂ ಗುಳ್ಳೆ ಏಳಲಿಲ್ಲ. ತಿರುಗಿ ಜೋಡಿಸಿ, ನಾನು ಸುರಿದಿದ್ದ ಬರೀ ನೀರನ್ನೆಲ್ಲ ತೆಗೆದು, ಎಂಜಿನ್ ತಣ್ಣಗಿಡುವ ಹಸಿರು ಕೂಲಂಟ್ ತುಂಬಿದರು. "ರಾತ್ರಿ ಗಾಡಿ ಕೆಳಗ ರಟ್ಟು ಹಾಸಿ ಇಡ್ರಿ. ಎಲ್ಲಿ ಹನಿ ಬೀಳತೈತಿ ಅಲ್ಲೇ ಸೋರಾಕತ್ತೈತಿ ಅಂತ ಗೊತ್ತಾಗತೈತಿ," ಎಂದರು.

ಹಾಸಿದೆ. ಬೆಳಿಗ್ಗೆ ರಟ್ಟು ಒಣಗಿಯೇ ಇತ್ತು. ಹೊರಗೆ ಎಲ್ಲಿಯೂ ಒಂದು ಹನಿ ಇಲ್ಲ, ಒಳಗೆ ಮಾತ್ರ ನೀರು ಇಳಿಯುತ್ತಲೇ ಇದೆ. ಮೇಸ್ತ್ರಿಗೂ ಚಿಂತೆಯಾಯಿತು. ನೀರು ಎಂಜಿನ್ನಿನೊಳಗೇ ಹೋಗಿ ಸುಡುತ್ತಿರಬಹುದು, ಹಾಗಿದ್ದರೆ ಎಂಜಿನ್ ತೆರೆಯಬೇಕು, ಗಾಡಿ ಕೆಲವು ದಿನ ಗ್ಯಾರೇಜಿನಲ್ಲೇ ಇರಬೇಕು ಎಂದರು. ನಾನು ಮುಂದೂಡಿದೆ. ಅಕ್ಕನ ಯಂತ್ರ ವಾರಕ್ಕೆ ಎರಡು ಸಲ ಕಾಯುತ್ತಿತ್ತು, ಅದನ್ನು ತಪ್ಪಿಸುವಂತಿರಲಿಲ್ಲ. ನೀರಿನ ಕ್ಯಾನು ಹಿಂದೆ ಇಟ್ಟುಕೊಂಡು, ದಾರಿಯಲ್ಲಿ ನಿಂತು ನಿಂತು ತುಂಬಿಸುತ್ತ ನಡೆಸಿದೆ.

ಆ ದಿನಗಳಲ್ಲಿ ಅಕ್ಕನ ಮಾತು ಕಡಿಮೆಯಾಯಿತು. ಕಾರು ಹತ್ತಿದ ಕೂಡಲೇ ಹಳೆಯ ಕಡುನೀಲಿ ಟವೆಲ್ ಒಂದನ್ನು ಪಾದಗಳಿಗೆ ಸುತ್ತಿಕೊಳ್ಳುತ್ತಿದ್ದಳು. ಚಳಿಯೇ ಎಂದರೆ ಹೂಂ ಎನ್ನುವಳು. ಮುಂದಿನ ಗಾಜು ಒಳಗಿನಿಂದ ಮಂಜು ಕವಿದು ಜಿಡ್ಡಾಗುತ್ತಿತ್ತು. ಮಳೆಗಾಲ, ಇಬ್ಬರ ಉಸಿರು ಎಂದುಕೊಂಡೆವು. ಅಕ್ಕ ಸೆರಗಿನಿಂದ ತನ್ನ ಬದಿಯ ಗಾಜು ಒರೆಸಿ ಹೊರಗೆ ನೋಡುತ್ತ ಕೂಡುವಳು. ಆಸ್ಪತ್ರೆಯಲ್ಲಿ ಇಳಿದೊಡನೆ ನನಗಾಗಿ ಕಾಯದೆ ಬಚ್ಚಲಿಗೆ ಹೋಗಿ ಕಾಲು ತೊಳೆದು ಬರುವಳು. ಒಂದು ಸಲ ಅವಳ ಕಾಲಡಿಯ ಮ್ಯಾಟ್ ತೇವವಾಗಿದ್ದುದು ಕಂಡಿತು. ಬಾಗಿಲ ಸಂದಿನಿಂದ ಮಳೆ ನೀರು ಬಂದಿರಬೇಕೆಂದು ಒರೆಸಿ ಬಿಟ್ಟೆ.

ದಸರೆ ಹತ್ತಿರ ಬಂದಿತ್ತು. ವಳಸಂಗ ಇನ್ನೂ ಬಂದಿರಲಿಲ್ಲ, ಆಗಲೇ ಮುಳ್ಳು ಮೇಲಕ್ಕೆ ಹೋಯಿತು. ರಸ್ತೆ ಬದಿಯ ಬೇವಿನ ಮರದ ನೆರಳಿಗೆ ಗಾಡಿ ಒಯ್ದು ನಿಲ್ಲಿಸಿದೆ. ಎಂಜಿನ್ ಆರುವ ತನಕ ಕಾಯಬೇಕಿತ್ತು. ಎರಡೂ ಬಾಗಿಲು ತೆರೆದು ಸುಮ್ಮನೆ ಕೂತೆವು. ಆಚೆಯ ಹೊಲದಲ್ಲಿ ಹಿಂಗಾರಿ ಬಿತ್ತನೆಗೆ ಕುಂಟೆ ಹೊಡೆದು ಹರಗುತ್ತಿದ್ದರು.

"ಏ ಸಣ್ಣಾಕಿ," ಎಂದಳು ಅಕ್ಕ. ನನಗೆ ಅರವತ್ತು ಹತ್ತಿರ ಬಂದರೂ ಅವಳಿಗೆ ನಾನು ಸಣ್ಣಾಕಿಯೇ. "ಮುಂದಿನ ವಾರದಿಂದ ನಾ ಬರೂದಿಲ್ಲ."

"ಎಲ್ಲಿಗೆ ಬರೂದಿಲ್ಲ?"

"ಈ ದವಾಖಾನಿಗೆ. ಸಾಕು. ಗಾಡಿಗೂ ತ್ರಾಸ, ನಿನಗೂ ತ್ರಾಸ."

"ಗಾಡಿ ರಿಪೇರಿ ಆಗತೈತಿ. ನೀ ಬರಲಿಲ್ಲಂದ್ರ ಏನಾಗತೈತಿ ಅಂತ ಡಾಕ್ಟರ್ ನಿನಗ ಹೇಳ್ಯಾರಿಲ್ಲೋ?"

"ಹೇಳ್ಯಾರ." ಅವಳು ಹೊಲದತ್ತಲೇ ನೋಡುತ್ತಿದ್ದಳು. "ಆಗೂದು ಆಗಾಕ ಚಾಲೂ ಆಗೇತಿ. ಆ ಕುಂಭಾರಿ ಮುದುಕಿಗೆ ಆತಲ್ಲ, ಹಂಗ."

ಯಂತ್ರದ ಕೋಣೆಯಲ್ಲಿ ಅಕ್ಕನ ಪಕ್ಕದ ಹಾಸಿಗೆಗೆ ಒಬ್ಬ ಮುದುಕಿ ಬರುತ್ತಿದ್ದಳು. ಕೊನೆಕೊನೆಗೆ ಅವಳ ಬಾತ ಕಾಲುಗಳ ಚರ್ಮದಿಂದ ನೀರು ಒಸರತೊಡಗಿತ್ತು. ಹಾಸಿಗೆ ತೊಯ್ಯುತ್ತಿತ್ತು. ಅದಾದ ಸ್ವಲ್ಪ ದಿನಕ್ಕೇ ಅವಳು ಬರುವುದು ನಿಂತಿತ್ತು.

"ನನ್ನ ಕಾಲೂ ಸೋರಾಕತ್ತಾವ," ಎಂದಳು ಅಕ್ಕ. "ಮಳಿಗಾಲದಿಂದ. ನಿನಗ ಹೇಳಬಾರದಂತ ಅರಿವಿ ಸುತಗೊಂಡೆ. ಮೊದಲ ನೀರಿನಗತೆ ಇತ್ತು. ಈಗ ಅಂಟು ಅಂಟು, ಸೀ ವಾಸನಿ. ಮೈಯಾನ ಸಕ್ಕರಿ ಎಲ್ಲಾ ಕಾಲಾಗ ಇಳದ ಹೋಗಾಕತ್ತೈತಿ. ನಿಮ್ಮ ಮಾವಗ ಹೇಳೀನಿ. ಬಾವಿ ಮ್ಯಾಲಿನ ಹೊಲದಾಗ, ಹುಣಸಿ ಗಿಡದ ಈಚಿ ಕಡೆ ನನಗ ಮಣ್ಣು ಕೊಡ್ರಿ ಅಂತ."

ಮಾವನಿಗೆ ಹೇಳಿದ್ದಾಳೆ. ಜಾಗವನ್ನೂ ತೋರಿಸಿದ್ದಾಳೆ. ಇಷ್ಟು ದಿನ ನನ್ನ ಪಕ್ಕದಲ್ಲೇ ಕೂತು ಇದನ್ನೆಲ್ಲ ಒಬ್ಬಳೇ ಹೊತ್ತುಕೊಂಡು ಬಂದಿದ್ದಾಳೆ. ಇಳಿದು ಅವಳ ಬದಿಗೆ ಹೋದೆ. ತೆರೆದ ಬಾಗಿಲ ಮುಂದೆ ನೆಲದಲ್ಲೇ ಕೂತು ಅವಳ ಒಂದು ಪಾದವನ್ನು ತೊಡೆಯ ಮೇಲೆ ತೆಗೆದುಕೊಂಡೆ. ಹಸುಗೂಸಿನ ತಲೆಯಷ್ಟು ಭಾರವಿತ್ತು. ಟವೆಲ್ ಬಿಚ್ಚಿ, ನನ್ನ ಬಿಳಿ ಕರವಸ್ತ್ರದಿಂದ ಅದನ್ನು ಒರೆಸಿದೆ.

ಕರವಸ್ತ್ರ ಹಸಿರಾಯಿತು.

ಒಂದು ಕ್ಷಣ ಹೆದರಿದೆ. ಇನ್ನೊಂದು ಪಾದ ಒರೆಸಿದೆ. ಅದೂ ಹಸಿರು. ಮೂಗಿಗೆ ಹಿಡಿದರೆ ಸೀ ವಾಸನೆ. ಅದನ್ನು ಎಲ್ಲಿ ಮೂಸಿದ್ದೇನೆ ಎಂದು ನೆನಪಾಗುತ್ತಲೇ ನಾನು ಅವಳ ಕಾಲನ್ನು ಹೊರಗೆ ಸರಿಸಿ, ಮ್ಯಾಟ್ ಎಳೆದು ತೆಗೆದೆ. ಕೆಳಗಿನ ಕಾರ್ಪೆಟ್ಟು ಒತ್ತಿದರೆ ಪಚಪಚ ಎಂದಿತು. ತಲೆ ಬಗ್ಗಿಸಿ ಕೈಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದೆ. ಬೆರಳ ತುದಿಗೆ ಬೆಚ್ಚಗಿನ ಹನಿಯೊಂದು ಬಿತ್ತು, ಸ್ವಲ್ಪ ತಡೆದು ಇನ್ನೊಂದು.

"ಅಕ್ಕಾ," ಎಂದೆ. "ಇದು ನಿಂದಲ್ಲ. ಗಾಡೀದು."

"ಏನು?"

"ಗಾಡಿ ಸೋರಾಕತ್ತೈತಿ, ನಿನ್ನ ಕಾಲಲ್ಲ. ಆ ಮೇಸ್ತ್ರಿ ಹಾಕಿದ ಹಸರ ನೀರಿದು. ನೋಡು, ನಿನ್ನ ಕಾಲ ಮ್ಯಾಲ ಬಿದ್ದೈತಿ. ಅಷ್ಟ."

ಅವಳು ನನ್ನ ಕೈಯಿಂದ ಕರವಸ್ತ್ರ ಕಸಿದುಕೊಂಡಳು. ಅದನ್ನು ತಿರುವಿ ತಿರುವಿ ನೋಡಿದಳು. ತನ್ನ ಪಾದವನ್ನು ಎತ್ತಿ ತಾನೇ ಇನ್ನೊಮ್ಮೆ ಒರೆಸಿ, ಕಾದು ನೋಡಿದಳು. ಚರ್ಮದ ಮೇಲೆ ಮತ್ತೇನೂ ಒಸರಲಿಲ್ಲ.

"ಅಂದ್ರ ಇದು ನನ್ನ ಮೈಯಾಗಿಂದಲ್ಲ?"

"ಅಲ್ಲ."

"ಥೂ ಇದರ!" ಎಂದು ಡ್ಯಾಶ್‌ಬೋರ್ಡಿಗೆ ಒಂದು ಏಟು ಕೊಟ್ಟಳು. "ಮೂರಾಬಟ್ಟಿ ಗಾಡಿ! ನಾ ನಿಮ್ಮ ಮಾವಗ ಜಾಗಾ ತೋರಿಸಿ ಬಂದೀನಲ್ಲೇ!" ಆಮೇಲೆ ನಗತೊಡಗಿದಳು. ಬಹಳ ದಿನಗಳಿಂದ ಕೇಳದಿದ್ದ ಅವಳ ದೊಡ್ಡ ನಗು. ಹೊಲದಲ್ಲಿ ಹರಗುತ್ತಿದ್ದವನು ನಿಂತು ನಮ್ಮತ್ತ ನೋಡಿದ. ನಾನೂ ನಕ್ಕೆ. ಎಷ್ಟೋ ಹೊತ್ತಿನ ಮೇಲೆ ಅವಳು ಅಳುತ್ತಿದ್ದಾಳೆ ಎಂದು ಗೊತ್ತಾಯಿತು.

"ರಾತ್ರಿ ನಿದ್ದಿ ಬರ್ತಿರಲಿಲ್ಲ ನನಗ," ಎಂದಳು. "ಎದ್ದು ಎದ್ದು ಕಾಲ ಮುಟ್ಟಿ ನೋಡ್ತಿದ್ದೆ. ಮನ್ಯಾಗ ಒಣಗಿ ಇರ್ತಿದ್ದುವು. ನಿನ್ನ ಗಾಡಿ ಹತ್ತಿದ್ರ ಮತ್ತ. ನಾ ತಿಳಕೊಂಡೆ, ದವಾಖಾನಿ ಹತ್ರ ಬಂದಂಗ ಜೀವಕ್ಕ ಅಂಜಿಕಿ ಆಗಿ ಸೋರತೈತಿ ಅಂತ."

ಆ ದಿನ ಅವಳನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿಸಿ ಕೂಡಿಸಿ, ಕ್ಯಾನಿನ ನೀರು ತುಂಬಿಸಿ, ಮೆಲ್ಲಗೆ ಸೊಲ್ಲಾಪುರ ಮುಟ್ಟಿಸಿದೆ. ತಿರುಗಿ ಬರುವಾಗ ನೇರವಾಗಿ ಗ್ಯಾರೇಜಿಗೇ ಹೋದೆವು.

ಮೇಸ್ತ್ರಿ ಕಾರ್ಪೆಟ್ಟಿಗೆ ಕೈ ಹಚ್ಚಿದವರೇ ಹಣೆ ಬಡಿದುಕೊಂಡರು. ಡ್ಯಾಶ್‌ಬೋರ್ಡಿನ ಒಳಗೆ ಹೀಟರಿನದೊಂದು ಪುಟ್ಟ ರೇಡಿಯೇಟರ್ ಇರುತ್ತದೆ, ಎಂಜಿನ್ನಿನ ಬಿಸಿನೀರು ಅದರಲ್ಲಿಯೂ ಹಾದು ಬರುತ್ತದೆ, ಅದೇ ತೂತು ಬಿದ್ದಿದೆ ಎಂದರು. ನಮ್ಮ ಕಡೆ ಹೀಟರ್ ಹಾಕುವವರು ಯಾರಿದ್ದಾರೆ? ಅದು ಅಲ್ಲಿ ಇದೆ ಎನ್ನುವುದೇ ನಮ್ಮಿಬ್ಬರಿಗೂ ಮರೆತುಹೋಗಿತ್ತು.

"ಹೊಸಾದು ಹಾಕೂದಂದ್ರ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗತೈತ್ರಿ ಬಾಯಾರ," ಎಂದರು. "ಬಿಟ್ಟ ಬಿಡೂಣು. ಒಳಗ ಹೋಗೋ ಪೈಪ್, ಹೊರಗ ಬರೋ ಪೈಪ್, ಎರಡೂ ಕೂಡಿಸಿ ಬಿಡ್ತೀನಿ. ನೀರು ಅದರಾಗ ಹೋಗೂದ ಬ್ಯಾಡ. ಬೈಪಾಸ್."

ಅಕ್ಕ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಿದ್ದಳು. ಯಂತ್ರದಿಂದ ಎದ್ದು ಬಂದ ದಿನ ಅವಳ ಮುಖದಲ್ಲಿ ರಕ್ತವೇ ಇರುತ್ತಿರಲಿಲ್ಲ. "ಮೇಸ್ತ್ರಿ, ಕೆಟ್ಟದ್ದು ಒಳಗ ಹಂಗ ಇರತೈತೇನು?" ಎಂದು ಕೇಳಿದಳು.

"ಇರಲಿ ಬಿಡ್ರಿ. ಇದ್ರೂ ಏನು ತ್ರಾಸ ಕೊಡೂದಿಲ್ಲ."

"ನನಗೂ ಹಿಂಗ ಒಂದು ಪೈಪ್ ಜೋಡಿಸಿ ಕೊಡ್ರಿ ಹಂಗಾರ."

ಮೇಸ್ತ್ರಿಗೆ ಅವಳ ಕಾಯಿಲೆ ಗೊತ್ತಿತ್ತು. ನಟ್ಟು ತಿರುಗಿಸುತ್ತಿದ್ದ ಪಾನಾ ಅವರ ಕೈಯಲ್ಲಿ ಹಾಗೆಯೇ ನಿಂತಿತು. "ನಮ್ಮ ಕೈಯಾಗ ಇದ್ದಿದ್ರ ಈಗಿಂದೀಗ ಮಾಡಿ ಕೊಡ್ತಿದ್ದೆ, ಅಕ್ಕಾರ," ಎಂದು ಬಗ್ಗಿ ಬಾನೆಟ್ಟಿನೊಳಗೆ ತಲೆ ಹಾಕಿದರು.

ಕಾರ್ಪೆಟ್ಟನ್ನು ಬಿಚ್ಚಿ ತೊಳೆದು ಗ್ಯಾರೇಜಿನ ಗೋಡೆಯ ಮೇಲೆ ಒಣಹಾಕಿದೆವು. ಅದರ ನಂತರ ಮುಳ್ಳು ಏರಲಿಲ್ಲ, ಡಬ್ಬಿಯ ನೀರು ಇಳಿಯಲಿಲ್ಲ. ಅಕ್ಕ ಮತ್ತೆ ಮುಂದಿನ ಸೀಟಿಗೆ ಬಂದಳು. ಬರುವುದಿಲ್ಲ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.

ಹಾಗೆ ಸಿಕ್ಕ ತಿಂಗಳುಗಳನ್ನು ನಾನು ಯಾವುದಕ್ಕೂ ಬಿಟ್ಟುಕೊಡಲಾರೆ. ಚಳಿಗಾಲದಲ್ಲಿ ಮಗಳೂ ಮೊಮ್ಮಕ್ಕಳೂ ಬಂದಾಗ ಹನ್ನೂರಿನ ಹೊಲದಲ್ಲಿ ಹಸಿ ಜೋಳದ ತೆನೆ ಸುಟ್ಟು ಸೀತನಿ ಮಾಡಿದರು. ಅಕ್ಕ ಬೆಂಕಿಯ ಮುಂದೆ ಕೂತು ತಾನೇ ತೆನೆ ತಿಕ್ಕಿ ಎಲ್ಲರ ಕೈಗೂ ಕೊಟ್ಟಳು. ನಾಲ್ಕು ಕಾಳು ತಾನೂ ಬಾಯಿಗೆ ಹಾಕಿಕೊಂಡಳು. ಆದರೆ ಒಂದೊಂದು ಸಲಕ್ಕೂ ಅವಳು ಸಣ್ಣಗಾಗುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಕಾರಿನಿಂದ ಇಳಿಯಲು ಇಬ್ಬರು ಹಿಡಿಯಬೇಕಾಯಿತು. ಬಿಸಿಲು ಏರಿದಂತೆ ದಾರಿಯುದ್ದಕ್ಕೂ ನಿದ್ದೆ ಮಾಡತೊಡಗಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಹೃದಯವೂ ಸೋತಿದೆ ಎಂದರು.

ಚೈತ್ರದಲ್ಲಿ, ಅವಳು ಅಕ್ಕಲಕೋಟೆಗೆ ಬರಬೇಕಿದ್ದ ದಿನ ಬೆಳಿಗ್ಗೆ ಮಾವನ ಫೋನ್ ಬಂತು. "ನೀನ ಬಾ," ಎಂದರು. ಕೂಡಲೇ ಹನ್ನೂರಿಗೆ ಹೊರಟೆ. ಅವಳು ತೋರಿಸಿದ ಜಾಗದಲ್ಲಿಯೇ ಮಣ್ಣು ಕೊಟ್ಟೆವು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸಂಜೆ ಮಾವ ಯಾವುದೋ ಕೆಲಸಕ್ಕೆ ಅಕ್ಕಲಕೋಟೆಗೆ ಬಂದಿದ್ದರು. ಹನ್ನೂರಿನ ಬಸ್ಸು ತಪ್ಪಿತ್ತು. ನಾನೇ ಬಿಟ್ಟು ಬರುತ್ತೇನೆಂದು ಕಾರು ತೆಗೆದೆ. ಅಷ್ಟು ತಿಂಗಳು ಅವರು ಈ ಕಾರಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಮುಂದೆ ನೋಡುತ್ತ ಕೂತರು. ಊರು ದಾಟಿದ ಮೇಲೆ ಬಾಯಿ ಬಿಟ್ಟರು.

"ತಂಗಿ, ಆಕಿ ಹೋಗೂ ಹಿಂದಿನ ದಿನ ಸಂಜೀಕ ನೀರ ಕೇಳಿದ್ಲು. ಬಾವಿ ನೀರ, ತಂಬಿಗಿ ತುಂಬ. ಬ್ಯಾಡ ಅಂತ ಗೊತ್ತಿತ್ತು. ಆದ್ರೂ ಕೊಟ್ಟೆ. ಪೂರಾ ಕುಡದ್ಲು."

ಅದರಿಂದಲೇ ಆಯಿತೋ, ಹೇಗೂ ಆಗುವುದಿತ್ತೋ, ಯಾರು ಹೇಳಬಲ್ಲರು?

"ದಾರ್ಯಾಗ ಆಕಿ ನಿನ್ನ ಮುಂದ ಏನೇನ ಮಾತಾಡ್ತಿದ್ಲು?" ಎಂದು ಕೇಳಿದರು. "ಮನ್ಯಾಗ ನಾವು ಹೆಚ್ಚ ಮಾತಾಡಿದವರ ಅಲ್ಲ."

"ನಿಮ್ಮ ಸುದ್ದಿ ಹೇಳ್ತಿದ್ಲು, ಮಾವ," ಎಂದೆ. ಅದು ನಿಜವೇ ಆಗಿತ್ತು. ಮದುವೆಯಾಗಿ ಹನ್ನೂರಿಗೆ ಬಂದ ಹೊಸದರಲ್ಲಿ, ಎಲ್ಲರ ಮುಂದೆ ನೀರು ಕೇಳಲು ನಾಚಿಕೊಂಡು ಮಧ್ಯಾಹ್ನದವರೆಗೆ ಕಳೆ ತೆಗೆದಿದ್ದಳಂತೆ. ಯಾರೂ ಹೇಳದೆಯೇ ಇವರು ಬಾವಿಗಿಳಿದು ತಂಬಿಗೆ ತುಂಬಿ ತಂದು, ಅವಳ ಸಾಲಿನ ತುದಿಯಲ್ಲಿಟ್ಟು, ತಿರುಗಿ ನೋಡದೆ ಹೋಗಿದ್ದರಂತೆ. ಅದನ್ನು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಳು. ನಾನು ಅವಳು ಹೇಳಿದ ಹಾಗೆಯೇ ಅವರಿಗೆ ಹೇಳಿದೆ.

ಮಾವ ಹೆಗಲ ಮೇಲಿನ ಸೆಲ್ಲೆಯಿಂದ ಮುಖ ಒರೆಸಿಕೊಂಡರು. ಹನ್ನೂರು ಬಂತು. ಅವರ ಮನೆಯ ಮುಂದೆ ದೀಪ ಹಚ್ಚಿದ್ದರು, ಕಟ್ಟೆಯ ಮೇಲೆ ಯಾರೋ ಕೂತಿದ್ದರು. ನಾನು ಗಾಡಿಯ ವೇಗ ಇಳಿಸಿದೆ.

"ನಿಂದರಸಬ್ಯಾಡ," ಎಂದರು ಮಾವ. "ಇನ್ನಟ ಮುಂದ ಹೋಗೂಣು. ಮತ್ತೇನ ಹೇಳ್ತಿದ್ಲು, ಹೇಳು."

ಮನೆ ದಾಟಿ ಹೊಲದ ದಾರಿಗೆ ಗಾಡಿ ತಿರುಗಿಸಿದೆ. ನೆನಪಾದದ್ದನ್ನೆಲ್ಲ ಹೇಳುತ್ತ ಹೋದೆ.